ಬೀಟಿನಲ್ಲಿ ಬಿಡಲಾಗದ ಮನೆ

ನೆಂಟರಲ್ಲಿ ಕೊನೆಯವರು ಭಾನುವಾರ ಸಂಜೆ ಹೊರಟುಹೋದರು. ಸೋಮವಾರ, ಹದಿನಾಲ್ಕನೇ ತಾರೀಖು, ಮೇಷ್ಟ್ರ ಅಂತ್ಯಕ್ರಿಯೆಯ ನಂತರದ ಮೊದಲ ಮಾಮೂಲಿ ಬೆಳಿಗ್ಗೆ. ಅವರ ಹೆಂಡತಿ ಕೆಲಸಕ್ಕೆ ಹೋಗುವ ಬಟ್ಟೆ ತೊಟ್ಟು, ನೀರು ಪರೀಕ್ಷೆಯ ಪ್ರಯೋಗಾಲಯದ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು, ಗೇಟಿನ ಪಕ್ಕದ ಅಂಚೆ ಪೆಟ್ಟಿಗೆಯ ಬೀಗ ತೆಗೆದಳು. ಐದು ದಿನದ ಕಾಗದ ಸೇರಿತ್ತು. ಅಭ್ಯರ್ಥಿಗಳ ಪ್ರಚಾರಪತ್ರ ಒಂಬತ್ತು, ಸಂತಾಪದ ಪತ್ರ ಎರಡು, ಗಂಡನ ಹೆಸರಿಗೆ ವಿದ್ಯುತ್ ಬಿಲ್ಲು ಒಂದು. ಇನ್ನೊಂದು, ಗಂಡ ಕಳಿಸಿದ್ದು.

ಆಕೆ ಕೆಲಸಕ್ಕೆ ಹೋಗಲಿಲ್ಲ.

ಠಾಣೆಯ ಮುಂದಿನ ಮೇಜಿನಲ್ಲಿ ಕೂರುವ ಮಹಿಳಾ ಕಾನ್‌ಸ್ಟೇಬಲ್ ಬಂದವರ ಮುಖಕ್ಕಿಂತ ಮೊದಲು ಗೋಡೆ ಗಡಿಯಾರ ನೋಡುವವಳು. ಅದಕ್ಕೇ ಅವಳಿಗೆ ಗಡಿಯಾರ ಎಂದು ಹೆಸರು ಬಿದ್ದಿತ್ತು. 9.20 ಎಂದು ಬರೆದುಕೊಂಡು ತಲೆಯೆತ್ತಿದಳು. ಮೇಷ್ಟ್ರ ಹೆಂಡತಿಯ ಹಿಂದೆ ಬಾಗಿಲಲ್ಲಿ ಮೇಷ್ಟ್ರ ಅಣ್ಣ ನಿಂತಿದ್ದ. ನಿವೃತ್ತ ಪೋಸ್ಟ್‌ಮ್ಯಾನ್, ವಾರ್ಡಿಗೆಲ್ಲ ಪೋಸ್ಟಣ್ಣ.

"ಬೇಡ ಕಣಮ್ಮ ಅಂದೆ," ಎಂದ ಅವನು ಗಡಿಯಾರಳಿಗೆ. "ಹೋದವನ ಹೆಸರನ್ನ ಠಾಣೆಗೆ ಯಾಕೆ ಎಳೀತೀಯ ಅಂದೆ. ನನ್ನ ಮಾತು ಯಾರು ಕೇಳ್ತಾರೆ."

ಇನ್‌ಸ್ಪೆಕ್ಟರ್ ಒಳಗೆ ಕರೆದರು. ಆಕೆ ಮೂರು ಮಡಿಕೆಯ ಹಾಳೆಯೊಂದನ್ನು ಮೇಜಿನ ಮೇಲಿಟ್ಟಳು.

"ಇದು ನಮ್ಮನೆಯವರು ಬರೆದಿದ್ದಲ್ಲ."

ಹಾಳೆಯನ್ನು ಇನ್‌ಸ್ಪೆಕ್ಟರಿಗೆ ಪರಿಚಯಿಸಬೇಕಾಗಿರಲಿಲ್ಲ. ಮೇಲೆ 'ಓದಿ ನೋಡಿ' ಎಂಬ ತಲೆಬರಹ. ಹತ್ತು ವರ್ಷದಿಂದ, ನಗರಸಭೆಯದಿರಲಿ ವಿಧಾನಸಭೆಯದಿರಲಿ, ಪ್ರತಿ ಚುನಾವಣೆಗೂ ಮೊದಲು ನಾಲ್ಕನೇ ವಾರ್ಡಿನ ನಾನೂರ ಹನ್ನೆರಡು ಮನೆಗೆ ಅದು ಅಂಚೆಯಲ್ಲಿ ಬರುತ್ತಿತ್ತು. ಮೇಷ್ಟ್ರು ಅಭ್ಯರ್ಥಿಗಳ ಪ್ರಚಾರಪತ್ರಗಳನ್ನೆಲ್ಲ ಒಟ್ಟುಗೂಡಿಸಿ, ಯಾರು ಏನು ಹೇಳಿದ್ದಾರೆ, ಹಿಂದೆ ಏನು ಹೇಳಿದ್ದರು, ಸಭೆಯಲ್ಲಿ ಕೈ ಎತ್ತಿದ್ದು ಯಾವುದಕ್ಕೆ ಎಂದು ನಗರಸಭೆಯ ನಡಾವಳಿ ಪುಸ್ತಕ ನೋಡಿ ಪಟ್ಟಿ ಮಾಡುತ್ತಿದ್ದರು. ಇಂಥವರಿಗೆ ಮತ ಹಾಕಿ ಎಂದು ಒಮ್ಮೆಯೂ ಬರೆದವರಲ್ಲ.

"ಮೊದಲನೇ ಸಾಲು ಓದಿ," ಎಂದಳು ಆಕೆ.

'ಈ ಸಲ ಮಾತ್ರ ಬಾಯಿಬಿಟ್ಟು ಹೇಳುತ್ತೇನೆ. ನಿಮ್ಮ ಮತ ಹಾಲಿ ಸದಸ್ಯರಿಗೇ ಇರಲಿ.'

"ಈಗ ಕೊನೇ ಸಾಲು."

ಹಾಳೆಯ ಬುಡದಲ್ಲಿ, ಪ್ರತಿ ಸಲ ಇರುತ್ತಿದ್ದ ಜಾಗದಲ್ಲೇ, ಪ್ರತಿ ಸಲ ಇರುತ್ತಿದ್ದ ಸಾಲು: 'ಯಾರಿಗೆ ಅಂತ ನಾನು ಹೇಳುವುದಿಲ್ಲ. ನೀವೇ ಓದಿ ನೋಡಿ.'

ಇನ್‌ಸ್ಪೆಕ್ಟರ್ ಮೇಲೊಮ್ಮೆ ಕೆಳಗೊಮ್ಮೆ ನೋಡಿದರು. ಇದೇ ಹಾಳೆ ಶನಿವಾರದಿಂದ ಅವರ ಮನೆಯ ಊಟದ ಮೇಜಿನ ಮೇಲಿತ್ತು. ಅವರ ಹೆಂಡತಿ ಅದನ್ನು ಗಟ್ಟಿಯಾಗಿ ಓದಿದ್ದಳು. ಸರಿ, ಹಾಗಾದ್ರೆ ಆ ಸೋಫಾ ಅಂಗಡಿಯವನಿಗೇ ಹಾಕೋಣ ಎಂದು ಇವರೂ ಹೇಳಿದ್ದರು. ಆ ಸಂಗತಿಯನ್ನು ಇನ್‌ಸ್ಪೆಕ್ಟರ್ ಈಗ ಹೇಳಲಿಲ್ಲ.

"ಮೇಷ್ಟ್ರು ತೀರಿಕೊಂಡಿದ್ದು?"

"ಒಂಬತ್ತನೇ ತಾರೀಖು. ಮೂರನೇ ತಾರೀಖು ಮೆದುಳಲ್ಲಿ ರಕ್ತ ಸೋರ್ತು. ಆಮೇಲೆ ಎಚ್ಚರ ಬರಲಿಲ್ಲ."

"ಇದರ ಮೇಲಿನ ಅಂಚೆ ಮುದ್ರೆ ಹನ್ನೊಂದರದ್ದು. ಮೊದಲೇ ಬರೆದಿಟ್ಟಿದ್ದನ್ನ ಯಾರಾದ್ರೂ ಹಾಕಿರಬಹುದು."

"ಬರೆದಿದ್ದು ಇನ್ನೂ ಮೇಜಿನ ಮೇಲಿದೆ. ಅರ್ಧ ಆಗಿದೆ. ಬಂದು ನೋಡಿ."

"ಇಪ್ಪತ್ತಕ್ಕೆ ನಗರಸಭೆಗೆ ಮತದಾನ," ಎಂದರು ಇನ್‌ಸ್ಪೆಕ್ಟರ್. "ಹೋದ ಸಲ ಇವನು ಬರೀ ಮೂವತ್ತೇಳು ಮತದಲ್ಲಿ ಗೆದ್ದಿದ್ದು."

"ಯಾರು ಗೆಲ್ತಾರೆ ಅನ್ನೋದು ನಂಗೆ ಬೇಡ ಸಾರ್. ಅವರು ಹೇಳ್ಲಿಲ್ಲ. ಹತ್ತು ವರ್ಷ ಯಾರಿಗೂ ಹೇಳ್ಲಿಲ್ಲ, ನಂಗೂ ಹೇಳ್ಲಿಲ್ಲ. ಸತ್ತ ಮೇಲೆ ಹೇಳಿದ್ರು ಅಂತಾಗಬಾರದು. ಭಾನುವಾರದ ಒಳಗೆ ಅದು ಎಲ್ಲರಿಗೂ ಗೊತ್ತಾಗಬೇಕು."

ಖೋಟಾ ದಾಖಲೆ ಸೃಷ್ಟಿ ಮತ್ತು ಚುನಾವಣೆಯಲ್ಲಿ ಮತದಾರರ ದಾರಿ ತಪ್ಪಿಸಿದ ಆರೋಪದಡಿ 10.05ಕ್ಕೆ ಎಫ್‌ಐಆರ್ ದಾಖಲಾಯಿತು. ಕ್ರೈಂ ನಂಬರ್ 118. ಪೋಸ್ಟಣ್ಣ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದ.

11.15ಕ್ಕೆ ಸ್ಥಳ ಪಂಚನಾಮೆ. ಪಂಚರಾಗಿ ಪಕ್ಕದ ಮನೆಯ ದರ್ಜಿಯನ್ನೂ ಎದುರುಮನೆಯ ಬ್ಯಾಂಕ್ ಗುಮಾಸ್ತೆಯನ್ನೂ ಕರೆದರು. ಮೇಷ್ಟ್ರ ಕೋಣೆ ಚಿಕ್ಕದು. ಒಂದು ಗೋಡೆಯ ತುಂಬ ಮೂವರು ಅಭ್ಯರ್ಥಿಗಳ ಪ್ರಚಾರಪತ್ರಗಳನ್ನು ಮೂರು ಸಾಲಾಗಿ ಗುಂಡುಪಿನ್ನಿನಲ್ಲಿ ಚುಚ್ಚಿತ್ತು; ಒಂದೊಂದು ಭರವಸೆಯ ಪಕ್ಕದಲ್ಲೂ ಪೆನ್ಸಿಲಿನ ಗುರುತು. ಮೇಜಿನ ಮೇಲೆ ಎರಡು ಪುಟ ಪೂರ್ತಿ, ಮೂರನೆಯದು ಅರ್ಧ. ಹಾಲಿ ಸದಸ್ಯರ ಬಗ್ಗೆ ಕೊನೆಯದಾಗಿ ಬರೆದದ್ದು: 'ಚರಂಡಿ ಕಾಮಗಾರಿ ಮುಗಿದಿದೆ ಎಂದು ಇವರ ಪತ್ರ ಹೇಳುತ್ತದೆ. ನಡಾವಳಿ ಪುಸ್ತಕದ ಪ್ರಕಾರ' ಅಲ್ಲಿಗೆ ನಿಂತಿತ್ತು.

"ಇಲ್ಲಿಂದ ಏನಾದ್ರೂ ಹೋಗಿದೆಯಾ?"

ಆಕೆ ಎಡಗಡೆಯ ಡ್ರಾಯರ್ ಎಳೆದಳು. "ವಿಳಾಸದ ಚೀಟಿಗಳು. ಅಂಟಿಸೋವು. ಯಾವಾಗಲೂ ಎರಡು ಸೆಟ್ ಮುದ್ರಿಸಿ ಇಡ್ತಿದ್ರು. ಒಂದೇ ಇದೆ."

"ಈ ಕೋಣೆಗೆ ಯಾರ್ಯಾರು ಬಂದಿದ್ರು?"

"ಸಾವಿನ ಮನೆ ಸಾರ್. ಎಲ್ಲರೂ ಬಂದ್ರು."

ದರ್ಜಿ ನೆಲ ನೋಡಿದ. ಅವನೂ ಬಂದಿದ್ದ.

"ಈ ಹಾಳೆ ಕಂಡ್ರೆ ಆಗದವರು ಯಾರಾದ್ರೂ ಇದ್ದರಾ?"

"ನಾನು," ಎಂದಳು ಆಕೆ.

ಗಡಿಯಾರಳ ಪೆನ್ನು ನಿಂತಿತು.

"ಮದುವೆಯಾಗಿ ಏಳು ವರ್ಷ. ಚುನಾವಣೆ ಬಂತು ಅಂದ್ರೆ ಎರಡು ತಿಂಗಳು ಅವರು ಈ ಕೋಣೆಯವರು. ಊಟಕ್ಕೆ ಕರೆದ್ರೆ ಬಂದೆ ಅಂತಿದ್ರು, ಬರ್ತಿರ್ಲಿಲ್ಲ. ನಾನು ಇದನ್ನ ಸವತಿ ಅಂತಲೇ ಕರೀತಿದ್ದೆ. ನಗ್ತಿದ್ರು. ನಾನು ತಮಾಷೆಗೆ ಹೇಳಿದ್ದಲ್ಲ." ಡ್ರಾಯರನ್ನು ಒಳಕ್ಕೆ ತಳ್ಳಿದಳು. "ಬರ್ಕೊಳ್ಳಿ. ನನ್ನ ಮೇಲೂ ಅನುಮಾನ ಇರಬೇಕಲ್ವಾ."

ಗಡಿಯಾರ ಬರೆದುಕೊಂಡಳು.

ಹಾಲಿ ಸದಸ್ಯರ ಪೀಠೋಪಕರಣದ ಅಂಗಡಿಗೆ ಇನ್‌ಸ್ಪೆಕ್ಟರೂ ಗಡಿಯಾರಳೂ ಮಧ್ಯಾಹ್ನ 3.30ಕ್ಕೆ ಹೋದರು. ಪ್ಲಾಸ್ಟಿಕ್ ಹೊದಿಕೆ ತೆಗೆಯದ ಸೋಫಾದ ಮೇಲೆ ಸೋಫಾ ಸದಸ್ಯ ಇಬ್ಬರನ್ನೂ ಕೂರಿಸಿದ. ಕೂತಾಗ ಪರಪರ ಸದ್ದಾಯಿತು.

"ಲಾಭ ನಿಮಗೆ. ಮಾಡಿದ್ದು ಯಾರು?"

"ಅಯ್ಯೋ ಸಾರ್, ಶನಿವಾರದಿಂದ ನನ್ನ ಫೋನು ನಿಂತಿಲ್ಲ. ಮೇಷ್ಟ್ರೇ ಹೇಳಿದ ಮೇಲೆ ನಿಮಗೇ ಅಂತಾರೆ. ಖುಷಿ ಪಡ್ಬೇಕೋ ಅಳಬೇಕೋ ಗೊತ್ತಾಗ್ತಿಲ್ಲ."

"ಅಳೋದು ಯಾಕೆ?"

"ನಾನು ಮೂರು ವರ್ಷದಿಂದ ಬಣ್ಣ ಬಣ್ಣದ ಕಾಗದ ಕಳಿಸ್ತಿದ್ದೀನಿ. ನನ್ನ ಫೋಟೊ, ನನ್ನ ಹೆಂಡತಿ ಫೋಟೊ, ನಾಯಿ ಫೋಟೊ. ಒಬ್ಬರಾದ್ರೂ ಓದಿದೆ ಅಂತ ಫೋನ್ ಮಾಡಿಲ್ಲ. ಇವನು ಕಪ್ಪು ಬಿಳಿ ಹಾಳೆ ಕಳಿಸಿದ್ರೆ ಊರೇ ಓದುತ್ತೆ. ಬದುಕಿದ್ದಾಗ ಹೊಟ್ಟೆ ಉರಿಸಿದ, ಈಗ ಸತ್ತೂ ಉರಿಸ್ತಿದ್ದಾನೆ." ಸೋಫಾ ಸದಸ್ಯ ದನಿ ತಗ್ಗಿಸಿದ. "ಒಂದು ಮಾತು ಹೇಳ್ಲಾ? ನಾನು ಮಾಡ್ಸಿದ್ರೆ ಆ ಕೊನೇ ಸಾಲು ಬಿಡ್ತಿದ್ನಾ? ಅಷ್ಟು ದಡ್ಡ ಅಲ್ಲ."

"ಹಾಗಾದ್ರೆ ಆ ಸಾಲು ನಿಮ್ಮ ಕಣ್ಣಿಗೆ ಬಿತ್ತು?"

"ಬೀಳದೆ? ನನ್ನ ಹೆಸರು ಎಷ್ಟು ಸಲ ಬಂದಿದೆ ಅಂತ ಎಣಿಸಿದೆನಲ್ಲ."

ವಾರ್ಡಿನಲ್ಲಿ ಅದನ್ನು ಪೂರ್ತಿ ಓದಿದವರು ಅಲ್ಲಿಯವರೆಗೆ ಇಬ್ಬರು ಸಿಕ್ಕಿದ್ದರು. ಸತ್ತವನ ಹೆಂಡತಿ, ಮತ್ತು ಇವನು.

ಹದಿನೈದು, ಮಂಗಳವಾರ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಇನ್‌ಸ್ಪೆಕ್ಟರ್ ಹೆಂಡತಿಯನ್ನು ಕೇಳಿದರು, "ಆ ಹಾಳೆ ಪೂರ್ತಿ ಓದಿದ್ಯಾ?"

"ಓದ್ದೆ."

"ಕೊನೇ ಸಾಲು?"

"ಅದನ್ನೇನು ಓದೋದು, ಹತ್ತು ವರ್ಷದಿಂದ ಅದೇ ಇರುತ್ತಲ್ಲ." ಆಮೇಲೆ ಎದ್ದುಹೋಗಿ ಹಾಳೆ ತಂದು ನೋಡಿ ಅಲ್ಲೇ ಕೂತಳು. ಹಾಳೆಯ ಜೊತೆಗೆ ಒಂದು ಫೈಲನ್ನೂ ತಂದಿದ್ದಳು. ಹತ್ತು ವರ್ಷದ 'ಓದಿ ನೋಡಿ' ಎಲ್ಲ ಅದರಲ್ಲಿತ್ತು, ತಾರೀಖಿನ ಪ್ರಕಾರ. ಹಳೆಯದರ ಜೊತೆ ಹೋಲಿಸಲು ಬೇಕೆಂದು ಇನ್‌ಸ್ಪೆಕ್ಟರ್ ಫೈಲನ್ನು ಕಂಕುಳಿಗೆ ಸೇರಿಸಿದರು. ಬಾಗಿಲವರೆಗೆ ಹೋದವರು ತಿರುಗಿದರು.

"ಟ್ರೇನಿಂಗಿನಲ್ಲಿದ್ದಾಗ ನಾನು ನಿಂಗೆ ಬರೆದ ಕಾಗದಗಳು ಎಲ್ಲಿವೆ?"

"ಎಲ್ಲೋ ಇರಬೇಕು," ಎಂದಳು.

ದಿನವಿಡೀ ಗಡಿಯಾರಳೊಂದಿಗೆ ಮನೆ ಮನೆ ತಿರುಗಿದರು. ಇಪ್ಪತ್ತಾರು ಹೇಳಿಕೆ ಬರೆದುಕೊಂಡರು. ಕ್ಷೌರದಂಗಡಿಯವನು ಹಾಳೆಯನ್ನು ಕನ್ನಡಿಗೆ ಅಂಟಿಸಿದ್ದ. ಮೊದಲನೇ ಸಾಲು ಮೇಲೆ ಬರುವಂತೆ ಮಡಚಿದ್ದರಿಂದ ಕೊನೆಯ ಸಾಲು ಹಿಂದಕ್ಕೆ ಹೋಗಿತ್ತು.

"ಓದಿದ್ರಾ?"

"ಓದೋದೇನು ಸಾರ್. ನಮ್ಮ ಪರವಾಗಿ ಓದೋಕೆ ಅವರಿದ್ದರಲ್ಲ."

"ಬೇರೆ ಅಭ್ಯರ್ಥಿಗಳ ಕಾಗದ?"

ಅವನು ಕುರ್ಚಿಯ ಕೆಳಗೆ ಬೆರಳು ತೋರಿಸಿದ. ಉದುರಿದ ಕೂದಲು ಅದರ ಮೇಲೆ ಬೀಳುತ್ತಿತ್ತು. ಅಭ್ಯರ್ಥಿಗಳಲ್ಲೊಬ್ಬಳಾದ ಹಲ್ಲಿನ ಡಾಕ್ಟರಮ್ಮನ ನಗುಮುಖ ಅರ್ಧ ಮುಚ್ಚಿತ್ತು.

ಬ್ಯಾಂಕ್ ಗುಮಾಸ್ತೆ ಮಾತ್ರ ಸಿಟ್ಟಾದಳು. "ನಾನು ಓದಿಲ್ಲ, ಒಪ್ಕೋತೀನಿ. ಬೆಳಿಗ್ಗೆಯಿಂದ ಸಂಜೆವರೆಗೆ ಬ್ಯಾಂಕಲ್ಲಿ ಓದಿ ಓದಿ ಸಾಕಾಗಿರುತ್ತೆ. ಮೇಷ್ಟ್ರು ಹೇಳಿದ್ರು, ಮುಗೀತು. ಅದು ತಪ್ಪಾ?"

"ತಪ್ಪು ಅಂತ ನಾನು ಹೇಳ್ಲಿಲ್ಲ."

"ನಿಮ್ಮ ಮುಖ ಹೇಳ್ತಿದೆ."

ಇನ್‌ಸ್ಪೆಕ್ಟರ್ ಮೀಸೆ ಸವರಿಕೊಂಡರು. ಆ ಮುಖ ಹೇಳಿದ್ದು ತಮಗೂ ಅನ್ವಯಿಸುತ್ತದೆಂದು ಅವರಿಗೆ ಗೊತ್ತಿತ್ತು.

ಸಂಜೆ 4.40ಕ್ಕೆ ಅಂಚೆ ಕಚೇರಿಯ ಹಿಂದಿನ ಕೋಣೆ. ಉದ್ದನೆಯ ಮೇಜು, ಗೋಡೆಗೆ ಗೂಡು ಗೂಡಾದ ಕಪಾಟು, ಗೋಣಿನಾರಿನ ವಾಸನೆ. ಶುಕ್ರವಾರ ಬೆಳಿಗ್ಗೆ ಆರೂವರೆಗೆ ಹಿಂಬಾಗಿಲು ತೆಗೆದಾಗ ಒಳಗಿನ ಕಟ್ಟೆಯ ಮೇಲೆ ಚೀಲವಿತ್ತು ಎಂದು ವಿಂಗಡಣೆಯ ಗುಮಾಸ್ತ ಹೇಳಿದ. ತಂದವರನ್ನು ನೋಡಿದವರಿಲ್ಲ. ಅಂಚೆಚೀಟಿ ಅಂಟಿಸಿತ್ತು, ಮುದ್ರೆ ಒತ್ತಿ ಕಳಿಸಿದರು.

"ಅನುಮಾನ ಬರಲಿಲ್ವಾ?"

"ಮೇಷ್ಟ್ರ ಕಾಗದ ಅಲ್ವಾ ಸಾರ್. ಯಾರೋ ಮನೆಯವರು ತಂದಿಟ್ಟಿರ್ತಾರೆ ಅಂದ್ಕೊಂಡ್ವಿ."

ನಾಲ್ಕನೇ ವಾರ್ಡಿಗೆ ಅಂಚೆ ಹಂಚುವ ಹುಡುಗಿ ಸೈಕಲ್ ಒರಗಿಸಿ ಒಳಗೆ ಬಂದಳು. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು.

"ಆ ಕಟ್ಟಿನಲ್ಲಿ ಏನಾದ್ರೂ ವಿಶೇಷ ಕಂಡಿತಾ?"

"ವಿಶೇಷ ಅಂದ್ರೆ... ಜೋಡಿಸಿತ್ತು ಸಾರ್."

"ಅಂದ್ರೆ?"

"ಮೇಷ್ಟ್ರ ಕಾಗದ ಯಾವಾಗಲೂ ಕಲಸಿಕೊಂಡೇ ಬರ್ತಿತ್ತು. ಅವರು ಅಕ್ಷರದ ಪ್ರಕಾರ ಇಡ್ತಿದ್ರು. ನಾನು ಕೂತು ಬೀಟಿನ ಪ್ರಕಾರ, ಅಂದ್ರೆ ನಾನು ನಡೆಯೋ ದಾರಿ ಪ್ರಕಾರ, ಮನೆ ಹಿಂದೆ ಮನೆ ಜೋಡಿಸ್ಕೋಬೇಕಿತ್ತು. ಪ್ರತಿ ಸಲ ಅರ್ಧ ದಿನ ಹೋಗ್ತಿತ್ತು. ಈ ಸಲ ಜೋಡಿಸಿ, ಬೀದಿಗೊಂದು ಕಟ್ಟು ಕಟ್ಟಿ, ಮೇಲೆ ಚೀಟಿ ಇಟ್ಟಿತ್ತು. ನೋಡಿ ಎಷ್ಟು ಖುಷಿಯಾಯ್ತು ಗೊತ್ತಾ. ಆಮೇಲೆ ನೋಡಿದ್ರೆ ಪ್ರಯೋಜನ ಇಲ್ಲ."

"ಯಾಕೆ?"

"ದಾರಿ ಜೋಡಿಸಿತ್ತು, ಆದ್ರೆ ನನ್ನ ದಾರಿ ಅಲ್ಲ. ನಾನು ಕಾಲುವೆ ಪಕ್ಕದಿಂದ ಶುರು ಮಾಡಿ ಮೇಲಕ್ಕೆ ಬರ್ತೀನಿ. ಆ ಕಟ್ಟು ನೀರಿನ ಟ್ಯಾಂಕಿನಿಂದ ಶುರುವಾಗಿ ಮೆಟ್ಟಿಲ ದಾರೀಲಿ ಇಳಿಯುತ್ತೆ. ಮೆಟ್ಟಿಲ ದಾರಿ ಮುಚ್ಚಿ ನಾಲ್ಕು ವರ್ಷ ಆಯ್ತು. ಅದಕ್ಕೇ ಬೀಟ್ ಬದಲಾಯಿಸಿದ್ದು. ನಾನು ಒಂದು ದಿನವೂ ಹಾಗೆ ನಡೆದಿಲ್ಲ."

"ಹಾಗೆ ನಡೆದವರು ಯಾರು?"

ಹುಡುಗಿ ಗುಮಾಸ್ತನ ಕಡೆ ನೋಡಿದಳು. ಗುಮಾಸ್ತ ಅವಳ ಪರವಾಗಿ ಹೇಳಿದ.

"ಒಬ್ಬರೇ ಸಾರ್. ಮೂವತ್ತೊಂದು ವರ್ಷ ಅದು ಪೋಸ್ಟಣ್ಣನ ಬೀಟು."

ಇನ್‌ಸ್ಪೆಕ್ಟರ್ ಎದ್ದು ಕೋಣೆಯಲ್ಲಿ ಒಂದು ಸುತ್ತು ಹಾಕಿದರು. ಬಾಗಿಲ ಪಕ್ಕದ ಹಲಗೆಯಲ್ಲಿ ನಿವೃತ್ತ ಅಂಚೆ ನೌಕರರ ಸಂಘದ ಸಭಾ ಸೂಚನೆ ಅಂಟಿಸಿತ್ತು. ನಕಲು ಯಂತ್ರದಲ್ಲಿ ತೆಗೆದದ್ದು. ಬಲ ಅಂಚಿನಲ್ಲಿ ಮೇಲಿಂದ ಕೆಳಗೆ ಕೂದಲಿನಷ್ಟು ಸಣ್ಣ ಕಪ್ಪು ಗೀರು. ಜೇಬಿನಿಂದ 'ಓದಿ ನೋಡಿ' ತೆಗೆದು ಪಕ್ಕಕ್ಕೆ ಹಿಡಿದರು. ಅದೇ ಗೀರು, ಅದೇ ಜಾಗ.

"ಸಂಘದ ಕೋಣೆಯ ಬೀಗದ ಕೈ ಯಾರ ಹತ್ತಿರ?"

"ಕಾರ್ಯದರ್ಶಿ ಹತ್ತಿರ," ಎಂದ ಗುಮಾಸ್ತ. "ಪೋಸ್ಟಣ್ಣನೇ ಕಾರ್ಯದರ್ಶಿ."

ಗಡಿಯಾರ 5.10 ಎಂದು ಬರೆದಳು. ಹೊರಗೆ ಬಂದ ಮೇಲೆ ಹೇಳಿದಳು, "ನಿನ್ನೆ ದೂರಿಗೆ ಸಾಕ್ಷಿ ಸಹಿ ಹಾಕಿದ್ದೂ ಅವರೇ ಸಾರ್."

"ಗೊತ್ತು. ನಡಿ."

ಹದಿನಾರು, ಬುಧವಾರ. ಬೆಳಿಗ್ಗೆ 8.00ಕ್ಕೆ ಸೈಕಲ್ ಅಂಗಡಿಯ ಮಾಳಿಗೆಯಲ್ಲಿದ್ದ ಸಂಘದ ಕೋಣೆಯನ್ನು ಪಂಚರ ಸಮಕ್ಷಮ ತೆರೆಯಲಾಯಿತು. ನಕಲು ಯಂತ್ರದ ಗಾಜಿನಲ್ಲಿ ಗೀರು ಇತ್ತು. ಕಸದ ಬುಟ್ಟಿಯಲ್ಲಿ ಹಳೆಯ 'ಓದಿ ನೋಡಿ'ಯ ನಡುಭಾಗ ಸಿಕ್ಕಿತು, ತಲೆಯನ್ನೂ ಬುಡವನ್ನೂ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿತ್ತು. ವಿಳಾಸದ ಚೀಟಿ ಕಿತ್ತುಳಿದ ಖಾಲಿ ಹಾಳೆಗಳು ಟೈಪ್‌ರೈಟರಿನ ಕೆಳಗಿದ್ದವು. ಎಲ್ಲವನ್ನೂ ಜಪ್ತಿ ಮಾಡಿ ಮೊಹರು ಹಾಕಿದರು.

9.35ಕ್ಕೆ ಪೋಸ್ಟಣ್ಣನನ್ನು ಅವನ ಮನೆಯಲ್ಲಿ ದಸ್ತಗಿರಿ ಮಾಡಲಾಯಿತು. ಅವನು ಶೂ ಹಾಕಿಕೊಂಡು, ಲೇಸು ಕಟ್ಟಿಕೊಂಡು, ತಯಾರಾಗಿ ಕೂತಿದ್ದ. ಹೆಂಡತಿ ಇಲ್ಲದ ಮನೆ. ಬಾಗಿಲಿಗೆ ತಾನೇ ಬೀಗ ಹಾಕಿದ.

ಠಾಣೆಯಲ್ಲಿ ನೀರು ಕೊಟ್ಟರು. ಕುಡಿದ.

"ಚೀಟಿ ಯಾವಾಗ ತೆಗೆದಿರಿ?"

"ಹತ್ತನೇ ತಾರೀಖು. ಮಣ್ಣು ಮಾಡಿ ಬಂದ ಮೇಲೆ. ಎಲ್ಲರೂ ಹೊರಗೆ ಕೂತಿದ್ರು. ನಾನು ಅವನ ಕೋಣೇಲಿ ಕೂತೆ."

"ಟೈಪ್ ಮಾಡಿದ್ದು?"

"ಅವತ್ತೇ. ಬೆಳಗಾಗೋದ್ರೊಳಗೆ ಜೋಡಿಸಿ ಇಟ್ಟು ಬಂದೆ. ಹಿಂಬಾಗಿಲಿನ ಚಿಲಕ ಹೊರಗಿಂದಲೂ ತೆಗೆಯೋಕೆ ಬರುತ್ತೆ. ಮೂವತ್ತೊಂದು ವರ್ಷ ತೆಗೆದಿದ್ದೀನಿ."

"ಸೋಫಾ ಅಂಗಡಿಯವನು ಹೇಳಿಕೊಟ್ಟನಾ?"

"ಇಲ್ಲ. ಅವನಿಗೆ ಗೊತ್ತೂ ಇಲ್ಲ."

"ಮತ್ತೆ ಅವನ ಹೆಸರು ಯಾಕೆ?"

"ನಾನು ರಿಟೈರ್ ಆದ ದಿನ ಕೊನೇ ಸಲ ಬೀಟಿಗೆ ಹೋದೆ ಸಾರ್. ನಾನೂರು ಬಾಗಿಲು. ಅವನೊಬ್ಬ ಅಂಗಡಿಯಿಂದ ಎದ್ದುಬಂದು ಕೈ ಕುಲುಕಿದ. ಅಷ್ಟೇ."

"ಅಷ್ಟಕ್ಕೆ ಮತ ಹಾಕಿಸ್ತೀರಾ?"

"ಬೇರೆಯವರು ಎಷ್ಟಕ್ಕೆ ಹಾಕ್ತಾರೆ?"

ಇನ್‌ಸ್ಪೆಕ್ಟರ್ ಹಾಳೆಯ ಬುಡಕ್ಕೆ ಬೆರಳಿಟ್ಟರು. "ಕೊನೇ ಸಾಲು ಯಾಕೆ ಉಳಿಸಿದ್ರಿ?"

"ಅದಿಲ್ಲದಿದ್ರೆ ಅವನ ಹಾಳೆ ಅನ್ನಿಸ್ತಿರಲಿಲ್ಲ."

"ಎರಡೂ ಒಟ್ಟಿಗೆ ಇದ್ರೆ ಸಿಕ್ಕಿಬೀಳ್ತೀರಿ ಅಂತ ಅನ್ನಿಸ್ಲಿಲ್ವಾ?"

ಪೋಸ್ಟಣ್ಣ ಮೊದಲ ಸಲ ನಕ್ಕ. "ಯಾರು ಏನು ಓದ್ತಾರೆ ಅಂತ ನಂಗೆ ಗೊತ್ತು ಸಾರ್. ಕೈಗೆ ಕೊಟ್ಟು ತಿರುಗೋದ್ರೊಳಗೆ ಗೊತ್ತಾಗುತ್ತೆ. ಅವರು ತಲೆಬರಹ ನೋಡ್ತಾರೆ, ನನ್ನ ತಮ್ಮನದು ಅಂತ ಖಾತ್ರಿ ಮಾಡ್ಕೋತಾರೆ, ಒಳಗೆ ಹೋಗ್ತಾರೆ. ಅವನು ಅಷ್ಟು ಕಷ್ಟಪಟ್ಟು ಬರೆದಿದ್ದನ್ನ ಓದಿದವರು ಐವತ್ತು ಜನ ಇದ್ರೆ ಹೆಚ್ಚು. ಅವನಿಗೆ ಹೇಳಲಿಲ್ಲ. ಹೇಳಬಹುದಿತ್ತು."

"ಇನ್ನೊಂದು. ಆ ಹಾಳೆ ಸುಳ್ಳು ಅಂತ ಖಂಡಿತ ಹೇಳಬಲ್ಲವರು ಒಬ್ಬರೇ. ನಿಮ್ಮ ತಮ್ಮನ ಹೆಂಡತಿ. ಅವರ ಮನೆಗೇ ಯಾಕೆ ಹಾಕಿದ್ರಿ? ಅದೊಂದು ಚೀಟಿ ಹರಿದು ಬಿಸಾಕಿದ್ರೆ ಈ ದೂರೇ ಬರ್ತಿರಲಿಲ್ಲ."

ಅವನು ಪ್ರಶ್ನೆ ಅರ್ಥವಾಗದವನಂತೆ ನೋಡಿದ.

"ಬೀಟಿನಲ್ಲಿ ಮನೆ ಬಿಡೋಕಾಗಲ್ಲ ಸಾರ್," ಎಂದ.

ಬಾಗಿಲಲ್ಲಿ ಮೇಷ್ಟ್ರ ಹೆಂಡತಿ ನಿಂತಿದ್ದಳು. ಚೀಟಿಯ ಹಾಳೆಗಳನ್ನು ಗುರುತಿಸಲು ಗಡಿಯಾರ ಕರೆಸಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಯಾಕೆ ಭಾವ?"

ಅವನು ಆಕೆಯನ್ನು ನೋಡದೆ ಇನ್‌ಸ್ಪೆಕ್ಟರಿಗೇ ಹೇಳಿದ.

"ಅವನು ನನಗಿಂತ ಹದಿನೆಂಟು ವರ್ಷ ಚಿಕ್ಕವನು. ಓದಿಸಿದ್ದು ನಾನು. ಅವನ ಹಾಳೆ ಬಾಗಿಲು ಬಾಗಿಲಿಗೆ ಹೊತ್ತಿದ್ದೂ ನಾನು. ಬಿಸಿಲಲ್ಲಿ ಮೆಟ್ಟಿಲು ಹತ್ತಿ ಹೋದ್ರೆ, ನನ್ನ ಕೈಯಿಂದ ತಗೊಂಡು, 'ತಮ್ಮನ ಕಾಗದ ಬಂತಾ, ಎಂಥಾ ಬುದ್ಧಿವಂತ ಅವನು' ಅಂತಾರೆ. ನೀರು ಬೇಕಾ ಅಂತ ಕೇಳಲ್ಲ. ಎರಡು ವರ್ಷದ ಹಿಂದೆ ನಾನೂ ಬರೆದೆ. ನನ್ನ ಹೆಸರಲ್ಲೇ, ಒಂದು ಕಾರ್ಡು. ಯಾವ ಬೀದಿ ಚರಂಡಿ ಎಲ್ಲಿ ಕಟ್ಟುತ್ತೆ, ಯಾವ ಸದಸ್ಯ ಯಾವ ಬೀದಿಗೆ ಯಾವತ್ತೂ ಬಂದಿಲ್ಲ, ನಡೆದವನಿಗೆ ಗೊತ್ತಿರೋದಲ್ವಾ. ನಾನೂರು ಮನೆಗೆ ಹಾಕಿದೆ. ಮಾರನೇ ದಿನ ಸುಮ್ಮನೆ ಒಂದು ಸುತ್ತು ನಡೆದೆ. ಎಲ್ಲ ಕಸದ ಡಬ್ಬಿ ಮೇಲೇ ಇತ್ತು. ತಮ್ಮನ ಮನೆಗೆ ಹೋದೆ. ಅಲ್ಲಿ ಟೀ ಲೋಟದ ಕೆಳಗಿತ್ತು."

"ಲೋಟ ಇಟ್ಟಿದ್ದು ನಾನು," ಎಂದಳು ಆಕೆ.

"ಇರಲಿ ಬಿಡು."

"ಅವರು ಓದಿದ್ರು. ನಾನು ಓದಿರಲಿಲ್ಲ."

ಅವನು ಈಗ ಆಕೆಯ ಕಡೆ ತಿರುಗಿದ. "ಅವನು ಓದಿದ್ನಾ? ಮತ್ತೆ ನಂಗೊಂದು ಮಾತು ಹೇಳ್ಲಿಲ್ಲ. ಅಮ್ಮ, ಆ ನಾನೂರು ವಿಳಾಸ ಯಾರದ್ದು ಅಂತ ಅವನು ಯಾವತ್ತಾದ್ರೂ ಹೇಳಿದ್ದಾನಾ ನಿಂಗೆ? ನನ್ನ ಬೀಟ್ ಪುಸ್ತಕ. ಯಾವ ಮನೇಲಿ ಯಾರು, ಯಾರಿಗೆ ಕಣ್ಣು ಕಾಣಲ್ಲ, ಯಾರಿಗೆ ಮಹಡಿಗೇ ತಗೊಂಡು ಹೋಗಿ ಕೊಡಬೇಕು, ಎಲ್ಲ ನಾನು ಬರೆದಿಟ್ಟಿದ್ದು. ಎರಡು ದಿನಕ್ಕೆ ಕೊಡಣ್ಣ ಅಂತ ತಗೊಂಡ. ಹತ್ತು ವರ್ಷ ಆಯ್ತು. ಆ ಹಾಳೇಲಿ ಎಲ್ಲಾದ್ರೂ ಒಂದು ಮೂಲೇಲಿ ನನ್ನ ಹೆಸರು ಹಾಕಿದ್ನಾ? ನಾನೇನು ರಾಜ್ಯ ಕೇಳಿದ್ನಾ?" ಮತ್ತೆ ಇನ್‌ಸ್ಪೆಕ್ಟರ್ ಕಡೆ ತಿರುಗಿದ. "ಯಾರು ಗೆದ್ರೆ ನಂಗೇನು ಸಾರ್. ನಾನು ಹೇಳಿದ್ದನ್ನ ನಾನೂರು ಮನೆ ಒಂದು ಸಲ ಕೇಳ್ಬೇಕಿತ್ತು. ನನ್ನ ಹೆಸರಲ್ಲಿ ಕೇಳಲ್ಲ. ಅವನು ಸತ್ತಾಗ, ಅವನ ಹೆಸರು ಖಾಲಿ ಇದೆ ಅನ್ನಿಸ್ತು."

ಆಕೆ ಚೀಟಿಯ ಹಾಳೆಗಳನ್ನು ಗುರುತಿಸಿದಳು. ಸಹಿ ಹಾಕಿದಳು. ಹೊರಡುವಾಗ ಅವನ ಕುರ್ಚಿಯ ಪಕ್ಕ ನಿಂತಳು.

"ಹೊಟ್ಟೆಕಿಚ್ಚು ನಂಗೂ ಇತ್ತು ಭಾವ. ಅವರು ಆ ಕೋಣೇಲಿ ಕೂತಾಗ ಬಾಗಿಲು ಒದೆಯೋಣ ಅನ್ನಿಸ್ತಿತ್ತು. ನೀವು ಒಂದು ಸಲ ನಂಗೆ ಹೇಳಿದ್ರೆ ಇಬ್ಬರೂ ಕೂತು ಬೈಬಹುದಿತ್ತು."

ಗಡಿಯಾರ ಸಮಯ ಬರೆಯುವುದನ್ನು ಮರೆತಳು.

ಗುರುವಾರ ನ್ಯಾಯಾಲಯ ಅವನಿಗೆ ಜಾಮೀನು ಕೊಟ್ಟಿತು. ಅಂದೇ ಚುನಾವಣಾಧಿಕಾರಿಯ ಕಚೇರಿಯಿಂದ ನಾನೂರ ಹನ್ನೆರಡು ಮನೆಗೆ ಪ್ರಕಟಣೆ ಹೋಯಿತು. ಬರೆದವಳು ಮೇಷ್ಟ್ರ ಹೆಂಡತಿ. ಅಧಿಕಾರಿ ಅರ್ಧ ಪುಟ ಕೊಟ್ಟಿದ್ದರು. ಆಕೆ ನಾಲ್ಕು ಸಾಲು ಬರೆದಳು. 'ಹನ್ನೆರಡನೇ ತಾರೀಖು ನಿಮಗೆ ಬಂದ ಹಾಳೆ ನನ್ನ ಗಂಡನದಲ್ಲ. ಅವರು ಯಾರ ಹೆಸರನ್ನೂ ಹೇಳಿರಲಿಲ್ಲ. ಅವರ ಹಾಳೆ ಈ ಸಲ ಬರುವುದಿಲ್ಲ, ಮುಂದೆಯೂ ಬರುವುದಿಲ್ಲ. ಮೂವರು ಅಭ್ಯರ್ಥಿಗಳ ಕಾಗದ ನಿಮ್ಮ ಮನೆಯಲ್ಲೇ ಇದೆ, ನಡಾವಳಿ ಪುಸ್ತಕ ನಗರಸಭೆಯಲ್ಲಿದೆ.'

ಶುಕ್ರವಾರ ನಡಾವಳಿ ಪುಸ್ತಕ ಕೇಳಿಕೊಂಡು ನಗರಸಭೆಗೆ ಹನ್ನೊಂದು ಜನ ಬಂದರು. ಶನಿವಾರ ಒಂಬತ್ತು. ಶನಿವಾರ ಬಂದವರಲ್ಲಿ ಇನ್‌ಸ್ಪೆಕ್ಟರ್ ಒಬ್ಬರು. ಅವರಿಗಿಂತ ಮೊದಲೇ ಬಂದು ಅವರ ಹೆಂಡತಿ ಪುಸ್ತಕ ಹಿಡಿದು ಕೂತಿದ್ದರಿಂದ ಅರ್ಧ ಗಂಟೆ ಕಾಯಬೇಕಾಯಿತು.

ಭಾನುವಾರ, ಇಪ್ಪತ್ತು. ಗಡಿಯಾರಳಿಗೆ ಮೆಟ್ಟಿಲ ದಾರಿಯ ಮೇಲ್ತುದಿಯ ಮತಗಟ್ಟೆಯಲ್ಲಿ ಬಂದೋಬಸ್ತು. ಎಂಟು ಗಂಟೆಯ ಹೊತ್ತಿಗೆ ಮೇಷ್ಟ್ರ ಹೆಂಡತಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಹೊರಬಂದಳು. ಕಂಕುಳಲ್ಲಿ ಕಾಗದ ಸುತ್ತಿದ ದಪ್ಪ ಪುಸ್ತಕವಿತ್ತು.

"ಕಪಾಟಿನ ಹಿಂದೆ ಸಿಕ್ತು. ನಿಮಗೆ ಬೇಕಾ, ಸಾಕ್ಷಿಗೆ?"

"ಬೇಡ ಮೇಡಂ. ಚೀಟಿ ಹಾಳೆ ಸಾಕು ಅಂತ ಸಾರ್ ಹೇಳಿದ್ದಾರೆ."

"ಹಾಗಾದ್ರೆ ಬನ್ನಿ. ಒಬ್ಬಳೇ ಹೋಗೋಕೆ ಆಗ್ತಿಲ್ಲ."

ಜೊತೆಯ ಕಾನ್‌ಸ್ಟೇಬಲ್‌ಗೆ ಹೇಳಿ ಗಡಿಯಾರ ಹೊರಟಳು. ಪೋಸ್ಟಣ್ಣನ ಮನೆ ಅದೇ ಬೀದಿಯ ಮೂರನೆಯದು. ಬಾಗಿಲು ತೆಗೆದವನು ಆಕೆಯನ್ನು ನೋಡಿ ಹಿಂದೆ ಸರಿದ. ಆಕೆ ಒಳಗೆ ಹೋಗಲಿಲ್ಲ. ಹೊಸಿಲಾಚೆ ನಿಂತೇ ಕಾಗದ ಬಿಚ್ಚಿ ಪುಸ್ತಕವನ್ನು ಕೊಟ್ಟಳು. ಎಣ್ಣೆಬಟ್ಟೆಯ ರಟ್ಟು, ಮೂಲೆಗಳು ಸವೆದಿದ್ದವು. ಅವನು ತೆರೆಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು ತೂಕ ನೋಡಿದ.

"ಓದಿದ್ಯಾ?"

"ಎರಡು ದಿನದಿಂದ. ಪೂರ್ತಿ."

ಆಕೆ ಚೀಲದಿಂದ ಒಂದು ಸಣ್ಣ ಹಾಳೆ, ಪೆನ್ಸಿಲು ತೆಗೆದಳು. ಹಾಳೆಯ ಮೇಲೆ ಒಂದು ಸಾಲು ಬರೆದಿತ್ತು: ಬೀಟ್ ಪುಸ್ತಕ, ಒಂದು, ಎರವಲು ತಂದದ್ದು, ವಾಪಸು.

"ಸಹಿ ಹಾಕಿ ಭಾವ."

ಮೂವತ್ತೊಂದು ವರ್ಷ ಬಾಗಿಲ ಮುಂದೆ ನಿಂತು ಬೇರೆಯವರ ಸಹಿ ತೆಗೆದುಕೊಂಡವನು ಅವನು. ಬಾಗಿಲ ಒಳಗಡೆ ನಿಂತು ಹಾಕಿದ್ದು ನೆನಪಿರಲಿಲ್ಲ. ಪುಸ್ತಕವನ್ನೇ ಕೆಳಗಿಟ್ಟುಕೊಂಡು, ಅದರ ರಟ್ಟಿನ ಮೇಲೆ ಹಾಳೆ ಇಟ್ಟು, ನಿಧಾನವಾಗಿ ಪೂರ್ತಿ ಹೆಸರು ಬರೆದ. ಬರೆದು ಕೊಡಲು ಹೋದವನು ಮತ್ತೆ ಹಿಂದಕ್ಕೆ ಎಳೆದುಕೊಂಡ.

"ಸಮಯ ಬೇಕಲ್ವಾ," ಎಂದ, ಗಡಿಯಾರಳ ಕಡೆ ನೋಡಿ.

"8.25," ಎಂದಳು ಅವಳು.